ಸ್ವಿಚ್ಚಿಗೂ ಬೇಕಾದ ಎರಡನೆಯ ತಂತಿ: ಗೃಹ ವಿದ್ಯುತ್ ಮಂಡಲ ಪಾಠದ ಅನುಭವ

ಹತ್ತನೆಯ ತರಗತಿಯ ಗೃಹ ವಿದ್ಯುತ್ ಮಂಡಲದ ಭಾಗವನ್ನು ಒಂದೇ ಅವಧಿಯಲ್ಲಿ ಮುಗಿಸುವಂತೆ ಪಾಠಯೋಜನೆ ಬರೆದಿದ್ದೆ. ಹಿಡಿದದ್ದು ಮೂರು ಅವಧಿ. ಅದರಲ್ಲಿ ಒಂದು ಅವಧಿ ನನ್ನದೇ ತಪ್ಪನ್ನು ತಿದ್ದಲು ಹೋಯಿತು. ಆ ಅವಧಿಯ ಬಗ್ಗೆಯೇ ಇಲ್ಲಿ ಹೆಚ್ಚು ಬರೆಯುತ್ತಿದ್ದೇನೆ.

ತೊಡಗಿಸಿಕೊಳ್ಳುವ ಹಂತದಲ್ಲಿ, “ಯಾರ ಮನೆಯಲ್ಲಿ ಹೊಸ ಮನೆ ಕಟ್ಟುತ್ತಿದ್ದೀರಿ?” ಎಂದು ಕೇಳಿದೆ. ಮೂರು ಕೈ ಮೇಲೆದ್ದವು. ಅವರಲ್ಲೊಬ್ಬ ಹುಡುಗಿ ತನ್ನ ಮನೆಯ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆದಳು. ದೀಪ ಎಲ್ಲಿ, ಸ್ವಿಚ್ ಎಲ್ಲಿ ಎಂಬುದನ್ನು ಉಳಿದವರು ಗುರುತಿಸಿದರು. ಅಡುಗೆಮನೆಯ ನಡುವೆ ಒಂದೇ ದೀಪ ಹಾಕಿದಾಗ, “ಒಲೆ ಮುಂದೆ ನಿಂತ್ರೆ ನಮ್ಮ ನೆರಳೇ ಪಾತ್ರೆ ಮೇಲೆ ಬೀಳುತ್ತೆ” ಎಂದು ಹಿಂದಿನ ಬೆಂಚಿನಿಂದ ಮಾತು ಬಂತು. ದೀಪ ಕಟ್ಟೆಯ ಮೇಲಕ್ಕೆ ಸರಿಯಿತು. ಇದು ನನ್ನ ಯೋಜನೆಯಲ್ಲಿರಲಿಲ್ಲ.

ಲೆಕ್ಕಗಳು ಸುಲಭವಾಗಿ ಸಾಗಿದವು. 9 ವ್ಯಾಟಿನ ಹತ್ತು ಎಲ್‌ಇಡಿ ದೀಪ, 75 ವ್ಯಾಟಿನ ಐದು ಫ್ಯಾನ್ ಸೇರಿ 465 ವ್ಯಾಟ್. 220 ವೋಲ್ಟಿನಲ್ಲಿ ಸುಮಾರು 2.1 ಆಂಪಿಯರ್, 5 ಆಂಪಿಯರ್ ಮಂಡಲಕ್ಕೆ ಆರಾಮು. 2000 ವ್ಯಾಟಿನ ಗೀಸರ್ ಒಂದೇ 9 ಆಂಪಿಯರ್ ದಾಟುತ್ತದೆ, ಅದಕ್ಕೆ ಬೇರೆ ಲೈನ್ ಬೇಕು ಎಂಬುದನ್ನು ಮಕ್ಕಳೇ ಹೇಳಿದರು.

ಗಂಟೆ ಹೊಡೆಯುವ ಹೊತ್ತಿಗೆ ನಕ್ಷೆ ಬರೆದ ಹುಡುಗಿ ಎದ್ದಳು. “ಮೇಡಂ, ನಮ್ಮಣ್ಣ ಬೆಂಗಳೂರಿಂದ ಫೋನಲ್ಲೇ ಲೈಟ್ ಹಾಕೋ ಸ್ವಿಚ್ ತರ್ತಾನಂತೆ. ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ಎಳೀಬೇಕಾ? ಶನಿವಾರ ವೈರ್ ಎಳೀತಾರೆ.”

ನಾನು ತಡಮಾಡದೆ “ಬೇಡ” ಎಂದೆ. ಸ್ವಿಚ್ ಇರುವುದು ಸಜೀವ ತಂತಿಯಲ್ಲಿ. ತಟಸ್ಥ ತಂತಿಯಲ್ಲಿಟ್ಟರೆ ದೀಪ ಆರಿದ ಮೇಲೂ ಹೋಲ್ಡರಿನಲ್ಲಿ ವಿದ್ಯುತ್ ಉಳಿದು ಮುಟ್ಟಿದವರಿಗೆ ಅಪಾಯ ಎಂದು ವಿವರಿಸಿದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವಳು ಕೇಳಿದ್ದು ಬೇರೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಉತ್ತರ ಸಾಮಾನ್ಯ ಸ್ವಿಚ್ಚಿಗೆ ಸರಿ. ಆ ದಿನ ಬುಧವಾರ. ನನ್ನ “ಬೇಡ” ಆ ಮನೆಯ ಗೋಡೆಯೊಳಗೆ ಸೇರಲು ಮೂರು ದಿನವಷ್ಟೇ ಉಳಿದಿತ್ತು.

ಮರುದಿನ ಮೊದಲು ತಪ್ಪು ಒಪ್ಪಿಕೊಂಡೆ. ನಂತರ ನಾಲ್ಕು ಟಾರ್ಚ್ ಸೆಲ್, 6 ವೋಲ್ಟಿನ ಬಲ್ಬು, ಸ್ವಿಚ್, 330 ಓಮ್ ರೋಧಕ ಸೇರಿಸಿದ ಕೆಂಪು ಎಲ್‌ಇಡಿ ಇವನ್ನು ಗುಂಪುಗಳಿಗೆ ಕೊಟ್ಟೆ. ಮನೆಯ ವಿದ್ಯುತ್ತಿಗೆ ಯಾರೂ ಕೈ ಹಚ್ಚಬಾರದೆಂದು ಎರಡು ಸಲ ಹೇಳಿದೆ. ಫೋನಿನ ಆಜ್ಞೆ ಕೇಳಿಸಿಕೊಳ್ಳಬೇಕಾದರೆ ಸ್ವಿಚ್ ಸದಾ ಎಚ್ಚರವಾಗಿರಬೇಕು. ಎಲ್‌ಇಡಿಯೇ ಅದರ ಎಚ್ಚರ. ಬಲ್ಬು ಹತ್ತಲಿ, ಆರಲಿ, ಎಲ್‌ಇಡಿ ಉರಿಯುತ್ತಿರುವಂತೆ ಜೋಡಿಸಿ ಎಂದೆ.

ಒಂದು ಗುಂಪು ಎಲ್‌ಇಡಿಯನ್ನು ಸ್ವಿಚ್ಚಿನ ಎರಡು ತುದಿಗಳಿಗೇ ಜೋಡಿಸಿತು. ಸ್ವಿಚ್ ಆಫ್ ಇದ್ದಾಗ ಎಲ್‌ಇಡಿ ಉರಿಯಿತು. ಬಲ್ಬಿನ ಮೂಲಕ ಹರಿದ ಹದಿಮೂರು ಮಿಲಿಆಂಪಿಯರಿನಷ್ಟು ಪ್ರವಾಹ ಬಲ್ಬನ್ನು ಬೆಳಗಿಸಲು ಸಾಲಲಿಲ್ಲ. ಸ್ವಿಚ್ ಹಾಕಿದರೆ ಬಲ್ಬು ಹತ್ತಿತು, ಎಲ್‌ಇಡಿ ಆರಿತು. “ಲೈಟ್ ಹತ್ತಿದ ತಕ್ಷಣ ಸ್ವಿಚ್ ಮಲಗಿಬಿಡ್ತು ಮೇಡಂ!” ಮಲಗಿದ ಸ್ವಿಚ್ ‘ಆಫ್ ಮಾಡು’ ಎಂಬುದನ್ನು ಕೇಳಿಸಿಕೊಳ್ಳುವುದು ಹೇಗೆ? ಇನ್ನೊಂದು ಗುಂಪು ಎಲ್‌ಇಡಿಯ ಒಂದು ತುದಿಯನ್ನು ಸ್ವಿಚ್ಚಿಗೆ ಬರುವ ತಂತಿಯಲ್ಲೇ ಬಿಟ್ಟು, ಮತ್ತೊಂದಕ್ಕೆ ಸೆಲ್ಲಿನ ಆಚೆ ಧ್ರುವದಿಂದ ಬೇರೆ ತಂತಿ ತಂದಿತು. ಈಗ ಎರಡೂ ಉರಿದವು. ಮನೆಯಲ್ಲಿ ಆ ತಂತಿಯೇ ನ್ಯೂಟ್ರಲ್.

ಮೊದಲ ಗುಂಪಿನ ಜೋಡಣೆಯನ್ನು ‘ತಪ್ಪು’ ಎಂದು ಬಿಚ್ಚಿಸಲು ಹೊರಟಿದ್ದೆ, ಸದ್ಯ ಬಿಚ್ಚಿಸಲಿಲ್ಲ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚುಗಳೂ ಮಾರುಕಟ್ಟೆಯಲ್ಲಿವೆ. ಅವು ದೀಪದ ಮೂಲಕವೇ ಸಣ್ಣ ಪ್ರವಾಹ ಹರಿಸಿ ಎಚ್ಚರವಾಗಿರುತ್ತವೆ. ಅದರಿಂದಲೇ ಕಡಿಮೆ ವ್ಯಾಟಿನ ಎಲ್‌ಇಡಿ ದೀಪಗಳು ಆಫ್ ಮಾಡಿದ ಮೇಲೂ ಕೆಲವೊಮ್ಮೆ ಮಂದವಾಗಿ ಉರಿಯುತ್ತವೆ, ಮಿನುಗುತ್ತವೆ. ಆ ಗುಂಪಿನ ಬೋರ್ಡನ್ನೇ ತೋರಿಸಿ ಇದನ್ನು ವಿವರಿಸಿದೆ.

ವಿಸ್ತರಣೆಯ ಹಂತವನ್ನು ಮಕ್ಕಳೇ ನಡೆಸಿದರು. ಸಾಕೆಟ್ ಇರುವ ಬೋರ್ಡಿಗೆ ನ್ಯೂಟ್ರಲ್ ಬಂದೇ ಇರುತ್ತದಲ್ಲ ಎಂದ ಒಬ್ಬ. ಹೌದು, ಆದರೆ ಆ ದೀಪದ ಲೈನಿನದೇ ನ್ಯೂಟ್ರಲ್ ಆಗಿರಬೇಕು. ಯುಪಿಎಸ್ ಲೈನಿನದನ್ನೂ ನೇರ ಲೈನಿನದನ್ನೂ ಬೆರೆಸಬಾರದು. ಕರೆಂಟ್ ಹೋದರೆ? ದೀಪ ಯುಪಿಎಸ್‌ನಲ್ಲಿದ್ದು ವೈಫೈ ರೂಟರ್ ಅದರಲ್ಲಿಲ್ಲದಿದ್ದರೆ, ವೈಫೈ ಮೂಲಕ ನಡೆಯುವ ಸ್ವಿಚ್ಚಿಗೆ ಫೋನಿನ ಮಾತು ತಲುಪುವುದಿಲ್ಲ. ರೂಟರಿನ ಸಾಕೆಟ್ಟೂ ಯುಪಿಎಸ್ ಲೈನಿಗೆ ಬಂತು. ಅಜ್ಜಿಗೆ ಫೋನ್ ಬರುವುದಿಲ್ಲ, ಕೈಯಲ್ಲಿ ಒತ್ತುವ ಸ್ವಿಚ್ಚೂ ಇರಬೇಕು ಎಂದಳು ಮನೆಯ ಹುಡುಗಿ. ಪೈಪಿನ ಅಗಲ, ಸ್ವಿಚ್ ಬಾಕ್ಸಿನ ಆಳ ಗಾರೆಗೆ ಮೊದಲೇ ತೀರ್ಮಾನವಾಗಬೇಕು ಎಂಬುದನ್ನು ಮಾತ್ರ ನಾನು ಸೇರಿಸಿದೆ.

ಮುಂದಿನ ಸಲ ಈ ಪಾಠಕ್ಕೆ ಎರಡು ಅವಧಿ ಇಡುತ್ತೇನೆ, ಎಲ್‌ಇಡಿ ಪ್ರಯೋಗವನ್ನು ಮೊದಲ ಅವಧಿಗೇ ತರುತ್ತೇನೆ. ಪಠ್ಯದ ‘ಸಜೀವ’, ‘ತಟಸ್ಥ’ ಪದಗಳ ಪಕ್ಕದಲ್ಲಿ ಮಕ್ಕಳ ಬಾಯಲ್ಲಿರುವ ಫೇಸ್, ನ್ಯೂಟ್ರಲ್ ಎಂಬವನ್ನೂ ಬರೆಯುತ್ತೇನೆ. ಮೌಲ್ಯಮಾಪನಕ್ಕೆ ಕೊಟ್ಟ ಚಿತ್ರದಲ್ಲಿ ನಾಲ್ವರು ಇನ್ನೂ ಸ್ವಿಚ್ಚನ್ನು ತಟಸ್ಥ ತಂತಿಯಲ್ಲೇ ಇಟ್ಟಿದ್ದರು. ಅವರೊಂದಿಗೆ ಮೂರನೆಯ ಅವಧಿಯಲ್ಲಿ ಮತ್ತೆ ಕುಳಿತೆ.

ಸೋಮವಾರ ಆ ಹುಡುಗಿ ವರದಿ ಒಪ್ಪಿಸಿದಳು. ಹಾಲ್‌ಗೂ ಒಂದು ಕೋಣೆಗೂ ಕಪ್ಪು ತಂತಿ ಹೆಚ್ಚುವರಿಯಾಗಿ ಎಳೆದಿದ್ದಾರೆ. ಮೆಟ್ಟಿಲಿನ ಪೈಪಿನಲ್ಲಿ ಜಾಗವಿರಲಿಲ್ಲವಂತೆ, ಅಲ್ಲಿ ಹಳೆಯ ಬಗೆಯ ಟೂ ವೇ ಸ್ವಿಚ್ಚೇ ಸಾಕೆಂದರಂತೆ ಅವರಪ್ಪ.