ಹಿಂದಿನ ಹೊರೆಗೂ ಬ್ರೇಕ್ ಬೇಕು

ಚಿಗಳ್ಳಿ ಮತ್ತು ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರ್ ಮಾಲೀಕರಿಗೆ, ಡ್ರೈವರುಗಳಿಗೆ. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವವರು ಮೊದಲು ಓದಬೇಕು.

ಅಮೆರಿಕದಲ್ಲಿ ಮನೆಯಂಥ ಗಾಡಿಯ ಹಿಂದೆ ಕಾರು ಕಟ್ಟಿಕೊಂಡು ಊರೂರು ತಿರುಗುವವರು, ಹಿಂದಿನ ಕಾರಿನ ಬ್ರೇಕ್ ಪೆಡಲ್ ಒತ್ತಲೆಂದೇ ಒಂದು ಯಂತ್ರ ಕೂರಿಸುತ್ತಾರೆ. ಒಂದೂವರೆ ಟನ್ನಿನ ಕಾರಿಗೆ ಅಷ್ಟು ಜಾಗ್ರತೆ. ನಾವು ಎರಡು ಟನ್ ತೂಗುವ ಟ್ರ್ಯಾಕ್ಟರಿಗೆ ಅದರ ಮೂರು ನಾಲ್ಕು ಪಟ್ಟು ಹೊರೆ ಕಟ್ಟುತ್ತೇವೆ, ಅದೂ ಬ್ರೇಕೇ ಇಲ್ಲದ ಟ್ರೇಲರಿನಲ್ಲಿ. ನಮ್ಮ ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಇಳಿಜಾರಿನಲ್ಲಿ ಚಕ್ಕಡಿ ಎತ್ತಿನ ಮೇಲೆ ಬರುವಂತೆ ಟ್ರೇಲರ್ ಟ್ರ್ಯಾಕ್ಟರಿನ ಮೇಲೆ ಬರುತ್ತದೆ. ಎತ್ತಾದರೆ ಕಾಲೂರಿ ತಡೆಯುತ್ತಿತ್ತು. ಟ್ರ್ಯಾಕ್ಟರ್ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ.

ಮಾಡಬೇಕಾದ್ದು

ಬ್ರೇಕ್ ಕೊಳ್ಳುವ ಮುನ್ನ ತೂಕ ಹಾಕಿಸಿ. ಕಬ್ಬಿನದಷ್ಟೇ ಅಲ್ಲ, ಖಾಲಿ ಟ್ರೇಲರಿನದೂ ಸೇರಿಸಿ. ಆ ಒಟ್ಟು ಟನ್ನಿಗೆ ತಾಳುವ ಬ್ರೇಕನ್ನೇ ಕೇಳಿ.

ಅಗ್ಗಕ್ಕೆ ಸಿಗುವುದು ತಳ್ಳು ಬ್ರೇಕ್. ಟ್ರೇಲರ್ ಮುಂದಕ್ಕೆ ತಳ್ಳಿದಾಗ ಹುಕ್ಕಿನ ದಂಡ ಒಳಸರಿದು ಲೈನರ್ ಹಿಡಿಯುತ್ತದೆ. ಸಣ್ಣ ಹೊರೆಗೆ ಅಡ್ಡಿಯಿಲ್ಲ. ಯುರೋಪಿನಲ್ಲಿ ಕಾರು, ಲಾರಿಗಳ ಟ್ರೇಲರಿಗೆ ಇದನ್ನು 3.5 ಟನ್‌ವರೆಗೆ ಮಾತ್ರ ಒಪ್ಪುತ್ತಾರೆ. ರಿವರ್ಸ್ ತೆಗೆಯುವಾಗಲೂ ಅದು ಹಿಡಿದುಬಿಡುವುದರಿಂದ ತಡೆಯಲು ಒಂದು ಪಿನ್ನು ಹಾಕುತ್ತಾರೆ. ಗದ್ದೆಯಿಂದ ಹೊರಬಂದ ಮೇಲೆ ಆ ಪಿನ್ನು ತೆಗೆಯಿರಿ. ಮರೆತರೆ ಬ್ರೇಕ್ ಇದ್ದೂ ಇಲ್ಲ. ಏರಿನಲ್ಲಿ ನಿಂತಾಗ ತಳ್ಳುವುದೇ ಇಲ್ಲವಾದ್ದರಿಂದ ಅದು ಹಿಡಿಯುವುದೂ ಇಲ್ಲ. ಗಾಲಿಗೆ ಕೊಡಲು ಎರಡು ಮರದ ಅಡ್ಡೆ ಸದಾ ಗಾಡಿಯಲ್ಲಿರಲಿ.

ಕಬ್ಬಿನ ಹೊರೆಗೆ ನನ್ನ ಮತ ಹೈಡ್ರಾಲಿಕ್ ಬ್ರೇಕಿಗೆ, ಅದೂ ಟ್ರ್ಯಾಕ್ಟರಿನ ಪೆಡಲ್ ತುಳಿದಾಗಲೇ ತೆರೆಯುವ ವಾಲ್ವಿನೊಂದಿಗೆ. ಏರ್ ಬ್ರೇಕ್ ಇನ್ನೂ ಚೆನ್ನ. ಆದರೆ ಕಂಪ್ರೆಸರ್, ಟ್ಯಾಂಕು ಎಂದು ಖರ್ಚು ಬೆಳೆಯುತ್ತದೆ. ಯಾವುದೇ ಇರಲಿ, ಟ್ರ್ಯಾಕ್ಟರಿಗಿಂತ ಟ್ರೇಲರ್ ತುಸು ಮೊದಲೇ ಹಿಡಿಯುವಂತೆ ಹೊಂದಿಸಿ. ಹುಕ್ ಕಳಚಿದರೂ ಟ್ರೇಲರ್ ಓಡಿಹೋಗದಂತೆ ಸುರಕ್ಷಾ ಸರಪಳಿ ಕಟ್ಟಿ. ಲೈನರ್ ಹುಬ್ಬಳ್ಳಿಯಲ್ಲಾದರೂ ಸಿಗುತ್ತದೆಯೇ ಎಂದು ಕೊಳ್ಳುವ ದಿನವೇ ವಿಚಾರಿಸಿ.

ಕೂರಿಸಿದ ಮೇಲೆ ಖಾಲಿ ರಸ್ತೆಯಲ್ಲಿ 10 ಕಿ.ಮೀ. ವೇಗದಲ್ಲಿ ನಾಲ್ಕಾರು ಸಲ ತುಳಿದು, ಇಳಿದು ಡ್ರಮ್ಮುಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ.

ಹೊಲ ದಾಟಿ ರಸ್ತೆಗೆ ಬಂದೊಡನೆ ಟ್ರ್ಯಾಕ್ಟರಿನ ಎಡ–ಬಲ ಬ್ರೇಕ್ ಪೆಡಲ್‌ಗಳ ಕೊಂಡಿ ಹಾಕಿ.

ಮಾಡಬಾರದ್ದು

ಟ್ರ್ಯಾಕ್ಟರಿನ ಸ್ವಂತ ಬ್ರೇಕ್ ಪೈಪಿಗೆ ಟೀ ಹಾಕಿ ಟ್ರೇಲರಿಗೆ ಎಣ್ಣೆ ಕೊಡಬೇಡಿ. ಹಿಂದೆಲ್ಲೋ ಪೈಪ್ ಸೋರಿದರೂ ಎರಡೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಟಿಪ್ಪಿಂಗ್ ಲಿವರನ್ನೇ ಬ್ರೇಕ್ ಮಾಡಿಕೊಡುತ್ತೇನೆ ಎನ್ನುವ ಮೇಸ್ತ್ರಿಗೆ ಚಹಾ ಕುಡಿಸಿ ಕಳಿಸಿ.

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಕ್ಲಚ್ ಒತ್ತಬೇಡಿ. ಏರಲು ಬೇಕಾದ ಗೇರಿನಲ್ಲೇ ಇಳಿಯಿರಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ.

ಮುಂದಿನ ಟ್ರೇಲರಿಗೆ ಮಾತ್ರ ಬ್ರೇಕ್ ಹಾಕಿ ಹಿಂದೊಂದು ಬೋಳು ಟ್ರೇಲರ್ ಕಟ್ಟಬೇಡಿ. ಕಬ್ಬಿನ ಮೇಲೆ ಆಳುಗಳನ್ನು ಕೂರಿಸಬೇಡಿ.

ಕೆಟ್ಟು ನಿಂತ ಕಾರನ್ನು ಎಳೆದು ತರುವ ಸಂದರ್ಭ ಬಂದರೂ ಇದೇ ಮಾತು: ಹಿಂದಿನ ಗಾಡಿಗೂ ಬ್ರೇಕ್ ಬೇಕು. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಇಲ್ಲ; ಒಂದೆರಡು ತುಳಿತಕ್ಕೆ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಆ ಕಾರಿನಲ್ಲಿ ಲೈಸೆನ್ಸ್ ಇರುವ, ಗಟ್ಟಿ ಕಾಲಿನವನೇ ಕೂರಬೇಕು. ಎರಡೂ ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಕಾನೂನಿಗೆ ಸಲ್ಲದು. ಚಾವಿ ತಿರುಗಿಸದೆ ಎಳೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರನ್ನು ಹಗ್ಗ ಕಟ್ಟಿ ಎಳೆಯಲೇಬೇಡಿ. ಎಂಜಿನ್ ನಿಂತಾಗ ಗೇರ್‌ಬಾಕ್ಸಿಗೆ ಎಣ್ಣೆ ಹರಿಯುವುದಿಲ್ಲ. ಅದನ್ನು ಲಾರಿಯ ಮೇಲೆ ಹೇರಿಯೇ ತನ್ನಿ.

ಹಂಗಾಮಿನ ಮೊದಲ ಲೋಡಿಗೆ ಮುಂಚೆ ನಿಮ್ಮ ಟ್ರೇಲರಿನ ಕೆಳಗೊಮ್ಮೆ ಬಗ್ಗಿ ನೋಡಿ. ಗಾಲಿಯ ಒಳಬದಿಗೆ ಡ್ರಮ್ಮೇ ಕಾಣದಿದ್ದರೆ, ಕೊಟ್ಟವರು ಏನೇ ಹೇಳಿರಲಿ, ಅದಕ್ಕೆ ಬ್ರೇಕ್ ಇಲ್ಲ.