ಧ್ವನಿ ಪಡೆದ ಕಾರ್ಟೂನುಗಳು

ಕಾಗದದ ಮೇಲೆ ಬರೆದ ಇಲಿಯೊಂದು ಬೆಳ್ಳಿತೆರೆಯ ಮೇಲೆ ಸಿಳ್ಳು ಹಾಕಿದರೆ, ಆ ಸಿಳ್ಳು ಅದರ ಬಾಯಿಂದಲೇ ಹೊರಟಿತೆಂದು ನಾವು ನಂಬುತ್ತೇವೆ. ಈ ನಂಬಿಕೆ ಹುಟ್ಟುವುದು ಹೇಗೆ? 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಚಿತ್ರಮಂದಿರದಲ್ಲಿ ವಾಲ್ಟ್ ಡಿಸ್ನಿಯವರ ‘ಸ್ಟೀಮ್‌ಬೋಟ್ ವಿಲ್ಲಿ’ ಪ್ರದರ್ಶಿತವಾಯಿತು. ಧ್ವನಿಯುಳ್ಳ ಕಾರ್ಟೂನುಗಳಲ್ಲಿ ಇದು ಮೊದಲನೆಯದಲ್ಲ. ಮ್ಯಾಕ್ಸ್ ಫ್ಲೈಷರರು ಇದಕ್ಕೆ ಮುಂಚೆಯೇ ಹಾಡಿನ ಕಾರ್ಟೂನುಗಳನ್ನು ಮಾಡಿದ್ದರು. ಆದರೆ ಧ್ವನಿಯೂ ಚಲನೆಯೂ ಬಿಗಿಯಾಗಿ ಹೊಂದಿಕೊಂಡಿದ್ದುದರಿಂದ ಇದು ಜನರ ಮನಸ್ಸನ್ನು ಸೆಳೆಯಿತು.

ಮೂಕಚಿತ್ರಗಳ ಕಾಲದಲ್ಲಿ ಫಿಲ್ಮು ಓಡುವ ವೇಗಕ್ಕೆ ಕಟ್ಟುನಿಟ್ಟಾದ ನಿಯಮವಿರಲಿಲ್ಲ. ವೇಗ ತುಸು ಹೆಚ್ಚುಕಡಿಮೆಯಾದರೂ ಕಣ್ಣು ಸಹಿಸಿಕೊಳ್ಳುವುದು, ಕಿವಿ ಸಹಿಸದು. ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಧ್ವನಿಪಥದ ಮೂಲಕ ಹಾಯ್ದ ಬೆಳಕು ದ್ಯುತಿವಿದ್ಯುತ್ಕೋಶದ ಮೇಲೆ ಬೀಳುತ್ತದೆ. ಬೆಳಕಿನ ಏರಿಳಿತವು ವಿದ್ಯುತ್ತಿನ ಏರಿಳಿತವಾಗಿ, ಅದು ಧ್ವನಿಯಾಗುತ್ತದೆ. ಫಿಲ್ಮು ವೇಗವಾಗಿ ಓಡಿದರೆ ಕಂಪನಸಂಖ್ಯೆ ಹೆಚ್ಚಿ ಸ್ವರವೇ ಏರಿಬಿಡುವುದು. ಆದಕಾರಣ ವಾಕ್ಚಿತ್ರಗಳಿಗೆ ಸೆಕೆಂಡಿಗೆ 24 ಚೌಕಟ್ಟುಗಳೆಂಬ ವೇಗ ಗೊತ್ತಾಯಿತು.

ಈ ಕಟ್ಟುಪಾಡೇ ಕಾರ್ಟೂನುಗಾರರಿಗೆ ವರವಾಯಿತು. 12 ಚೌಕಟ್ಟುಗಳಿಗೆ ತಾಳದ ಒಂದು ಪೆಟ್ಟೆಂದು ಇಟ್ಟುಕೊಂಡರೆ ನಿಮಿಷಕ್ಕೆ 120 ಪೆಟ್ಟುಗಳಾಗುತ್ತವೆ. ಎಷ್ಟನೆಯ ಚೌಕಟ್ಟಿನಲ್ಲಿ ಕಾಲು ನೆಲವನ್ನು ಮುಟ್ಟಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ‘ವಿಲ್ಲಿ’ಯ ಧ್ವನಿಮುದ್ರಣದ ಮೊದಲ ಪ್ರಯತ್ನ ಕೈಗೂಡಲಿಲ್ಲ. ಬಳಿಕ ತಾಳಕ್ಕೆ ತಕ್ಕಂತೆ ಕುಪ್ಪಳಿಸುವ ಚೆಂಡೊಂದನ್ನು ಫಿಲ್ಮಿನ ಮೇಲೆ ಮೂಡಿಸಿ, ವಾದ್ಯಗಾರರು ಅದನ್ನು ನೋಡುತ್ತ ನುಡಿಸುವಂತೆ ಮಾಡಿದರು. ಹಸುವಿನ ಹಲ್ಲುಗಳು ಕಾಷ್ಠತರಂಗವಾದುವು. ಸಂಗೀತದ ಹಾಳೆಯನ್ನು ನುಂಗಿದ ಮೇಕೆಯ ಬಾಲವನ್ನು ತಿರುಗಿಸಿದರೆ ಹಾಡು ಹೊರಟಿತು. ಯಾವ ವಸ್ತುವಾದರೂ ವಾದ್ಯವಾಗಬಲ್ಲುದೆಂಬ ಈ ಕಲ್ಪನೆಯಲ್ಲಿಯೇ ಆ ಚಿತ್ರಗಳ ಮೋಹಕತೆಯಿದೆ.

ಕೊರತೆಗಳಿಗೂ ತಾಳವೇ ಕಾರಣವಾಯಿತು. ಪಾತ್ರಗಳು ನಡೆದರೂ ನಿಂತರೂ ಕುಪ್ಪಳಿಸತೊಡಗಿದುವು. 7 ನಿಮಿಷದ ಚಿತ್ರಕ್ಕೆ 10,080 ಚೌಕಟ್ಟುಗಳು ಬೇಕು; ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ 5,040 ಚಿತ್ರಗಳನ್ನು ಬರೆಯಬೇಕು. ಶ್ರಮವನ್ನು ಉಳಿಸಲು ಒಮ್ಮೆ ಬರೆದ ಕುಣಿತವನ್ನೇ ಮತ್ತೆ ಮತ್ತೆ ತೋರಿಸಿದರು. 1929ರ ‘ಸ್ಕೆಲಿಟನ್ ಡಾನ್ಸ್’ನಲ್ಲಿ ಇದನ್ನು ಕಾಣಬಹುದು. ತಾಳಕ್ಕೆ ಆವರ್ತನೆ ಸಹಜ. ಕಥೆಗೆ ಅದು ಸಹಜವಲ್ಲ.

ಇದಕ್ಕಿಂತ ಆಳವಾದ ಕೊರತೆ ತೂಕದ್ದು. ರಬ್ಬರಿನ ಕೊಳವೆಗಳಂತಿದ್ದ ಆ ಕೈಕಾಲುಗಳಿಗೆ ಎಲುಬೂ ಇಲ್ಲ, ಜಡತ್ವವೂ ಇಲ್ಲ. ಕೈಬಿಟ್ಟ ಕಲ್ಲು ಅರ್ಧ ಸೆಕೆಂಡಿನಲ್ಲಿ, ಎಂದರೆ 12 ಚೌಕಟ್ಟುಗಳಲ್ಲಿ, ಸುಮಾರು 120 ಸೆಂಟಿಮೀಟರ್ ಬೀಳುತ್ತದೆ. ಮೊದಲ 6 ಚೌಕಟ್ಟುಗಳಲ್ಲಿ ಬೀಳುವುದು 30 ಮಾತ್ರ. ಉಳಿದ 90 ಕೊನೆಯ 6ರಲ್ಲಿ. ಚಿತ್ರಗಾರನು ಸಮಾನ ಅಂತರಗಳನ್ನಿಟ್ಟರೆ, ಕಲ್ಲು ತಾಳಕ್ಕೆ ಸರಿಯಾಗಿ ನೆಲವನ್ನು ಮುಟ್ಟಿದರೂ ಬಿದ್ದಂತೆ ತೋರದು, ಇಳಿದಂತೆ ತೋರುವುದು.

ಅಳತೆಗೆ ಸಿಗದ ಕೊರತೆಯೂ ಒಂದಿದೆ. 1930ರಲ್ಲಿ ವಾರ್ನರ್ ಸಂಸ್ಥೆಯ ಚಿತ್ರಗಳಲ್ಲಿ ಬಂದ ಬಾಸ್ಕೋವಿನಂತಹ ಪಾತ್ರಗಳು ಆಫ್ರಿಕನ್ ಮೂಲದ ಅಮೆರಿಕನ್ನರನ್ನು ಅಣಕಿಸುತ್ತಿದ್ದುವು. ಆ ನಗೆಯಲ್ಲಿ ಇಂದು ನಾವು ಪಾಲುಗೊಳ್ಳಲಾರೆವು.

ತೂಕದ ಕೊರತೆಯನ್ನು ನೀಗಿದುದು ಅಭ್ಯಾಸ. 1932ರಿಂದ ಡಿಸ್ನಿಯವರ ಚಿತ್ರಾಲಯದಲ್ಲಿಯೇ ಡಾನ್ ಗ್ರಹಾಮರು ಕಲಾವಿದರಿಗೆ ತರಗತಿಗಳನ್ನು ನಡೆಸಿದರು. ಅದರ ಫಲವನ್ನು 1937ರ ‘ಸ್ನೋ ವೈಟ್’ನಲ್ಲಿ ಕಾಣುತ್ತೇವೆ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ಸಣ್ಣ ಪುಸ್ತಕಗಳ ಮೂಲೆಯಲ್ಲಿ ಪುಟಕ್ಕೊಂದರಂತೆ ಚೆಂಡಿನ 9 ಚಿತ್ರಗಳನ್ನು ಬರೆಯಿರಿ. ಒಂದರಲ್ಲಿ ಚೆಂಡು ಪ್ರತಿ ಪುಟಕ್ಕೆ 8 ಮಿಲಿಮೀಟರ್ ಇಳಿಯಲಿ. ಇನ್ನೊಂದರಲ್ಲಿ 1, 3, 5, 7 ಎಂದು 15ರವರೆಗೆ. ಎರಡರಲ್ಲಿಯೂ ಅದು ಒಟ್ಟು 64 ಮಿಲಿಮೀಟರ್ ಇಳಿದಿರುತ್ತದೆ. ಪುಟಗಳನ್ನು ಸರಸರನೆ ಬಿಟ್ಟು ನೋಡಿದರೆ ಯಾವ ಚೆಂಡಿಗೆ ತೂಕವಿದೆಯೆಂಬುದನ್ನು ಕಣ್ಣೇ ಹೇಳುವುದು.