ರಕ್ತದ ಕೊಳವೆ ಮೈಸೂರು ತಲುಪುವ ಮೊದಲು

ಟಿ. ನರಸೀಪುರ ಮತ್ತು ನಂಜನಗೂಡು ಕಡೆಯ ಬಾಯಿ ಕ್ಯಾನ್ಸರ್ ರೋಗಿಗಳ ರಕ್ತವನ್ನು ಮೈಸೂರಿನ ಪ್ರಯೋಗಾಲಯಕ್ಕೆ ತರುವ ಕೆಲಸದಲ್ಲಿ ಕೆಲವು ವರ್ಷ ಇದ್ದೆ. ಅದರಲ್ಲಿ ನಾವು ಹುಡುಕುತ್ತಿದ್ದದ್ದು ಎಕ್ಸೋಸೋಮ್‌ಗಳೊಳಗಿನ ವೃತ್ತಾಕಾರದ ಆರ್‌ಎನ್‌ಎ. ಎಕ್ಸೋಸೋಮ್ ಎಂದರೆ ಜೀವಕೋಶ ಹೊರಬಿಡುವ, ಸುಮಾರು 30ರಿಂದ 150 ನ್ಯಾನೋಮೀಟರ್ ಅಗಲದ ಪೊರೆಚೀಲ. ಸಾಮಾನ್ಯ ಆರ್‌ಎನ್‌ಎಗೆ ಎರಡು ತುದಿಗಳಿರುತ್ತವೆ, ಅದನ್ನು ತಿನ್ನುವ ಕಿಣ್ವಗಳು ಹೆಚ್ಚಾಗಿ ಅಲ್ಲಿಂದಲೇ ಶುರುಮಾಡುತ್ತವೆ. ವೃತ್ತಕ್ಕೆ ತುದಿಯಿಲ್ಲದ್ದರಿಂದ ಅದು ಹೆಚ್ಚು ಕಾಲ ಉಳಿಯುತ್ತದೆ. 1979ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರೂ ಅದಕ್ಕೂ ಕೆಲಸವಿದೆ ಎಂದು ಗಟ್ಟಿಯಾಗಿ ಗೊತ್ತಾದದ್ದು 2013ರಲ್ಲಿ. 2015ರಲ್ಲಿ ಎಕ್ಸೋಸೋಮ್‌ಗಳಲ್ಲಿ ಅದು ಹೇರಳವಾಗಿದೆ ಎಂದು ಚೀನಾದ ಸಂಶೋಧಕರು ತೋರಿಸಿದ ಮೇಲೆ ಪ್ರಬಂಧಗಳು ಹೊಳೆಯಂತೆ ಹರಿದವು.

ಕ್ಯಾನ್ಸರ್ ಗೆಡ್ಡೆಯ ಸುತ್ತಲಿನ ಪರಿಸರದ ಮಾತು ಇನ್ನೂ ಹಳೆಯದು. ಗೆಡ್ಡೆ ಬೀಜ, ದೇಹ ನೆಲ ಎಂದು ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದರು. ನರಸೀಪುರದ ಭತ್ತದ ರೈತರಿಗೆ ಹೀಗೆ ಹೇಳಿದರೆ ಮತ್ತೆ ವಿವರಿಸಬೇಕಾಗುತ್ತಿರಲಿಲ್ಲ. ಗೆಡ್ಡೆ ಈ ಎಕ್ಸೋಸೋಮ್‌ಗಳನ್ನು ಕಳಿಸಿ ತನಗೆ ಬೇಕಾದ ನೆಲವನ್ನು ತಾನೇ ಹದ ಮಾಡಿಕೊಳ್ಳುತ್ತದೆ ಎಂಬುದು ಈಚಿನ ಸಂಶೋಧನೆಯ ತಿರುಳು. ಯಕೃತ್ತಿನ ಕ್ಯಾನ್ಸರ್ ಕೋಶಗಳು ಕಳಿಸುವ ಇಂಥ ಒಂದು ಆರ್‌ಎನ್‌ಎ, ಗೆಡ್ಡೆಯನ್ನು ಕೊಲ್ಲಬೇಕಾದ ರಕ್ಷಣಾ ಕೋಶಗಳನ್ನು ಸುಸ್ತಾಗಿಸುತ್ತದೆ ಎಂದು 2020ರ ಅಧ್ಯಯನವೊಂದು ಹೇಳಿತು.

ಆದರೆ ನಾನು ಕಲಿತದ್ದರಲ್ಲಿ ಹೆಚ್ಚಿನದು ರಕ್ತದ ಕೊಳವೆಯಿಂದ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳಿಗೆ ಕೋಶಕೇಂದ್ರವಿಲ್ಲ. ಅವುಗಳೊಳಗಿನ ಸಾಮಾನ್ಯ ಆರ್‌ಎನ್‌ಎ ನಾಶವಾಗುತ್ತ ಹೋದಂತೆ ವೃತ್ತಾಕಾರದ್ದು ಉಳಿದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಿದರೆ, ಅಥವಾ ಕೊಳವೆ ದಾರಿಯುದ್ದಕ್ಕೂ ಕುಲುಕಿದರೆ, ಪ್ಲೇಟ್‌ಲೆಟ್‌ಗಳು ತಮ್ಮ ಚೀಲಗಳನ್ನು ರಕ್ತಕ್ಕೆ ಸುರಿಯುತ್ತವೆ. ಆಮೇಲೆ ಯಂತ್ರ ತೋರಿಸುವ ಆರ್‌ಎನ್‌ಎ ಏರಿಕೆ ಗೆಡ್ಡೆಯದೋ, ನರಸೀಪುರದಿಂದ ಮೈಸೂರಿಗೆ 30 ಕಿ.ಮೀ. ಆಸುಪಾಸಿನ ದಾರಿಯದೋ, ಹೇಳುವುದು ಕಷ್ಟ. ಹಾಗಾಗಿ ರಕ್ತ ತೆಗೆದ ಜಾಗದಲ್ಲೇ ಕೊಳವೆಯನ್ನು ಯಂತ್ರದಲ್ಲಿ ಎರಡು ಸಲ ವೇಗವಾಗಿ ತಿರುಗಿಸಿ, ಪ್ಲಾಸ್ಮಾ ಬೇರೆ ಮಾಡಿ, ತಣ್ಣಗಿಟ್ಟು ತರತೊಡಗಿದೆವು. ರಕ್ತ ತೆಗೆದ ಗಳಿಗೆಯನ್ನೂ ಪ್ಲಾಸ್ಮಾ ಬೇರೆಯಾದ ಗಳಿಗೆಯನ್ನೂ ಬರೆದಿಟ್ಟೆವು. ಇದು ಸಹಾಯಕರ ಕೆಲಸ ಎಂದು ಕೆಲವರು ಹಗುರವಾಗಿ ನೋಡುತ್ತಾರೆ. ನನ್ನ ಮಟ್ಟಿಗೆ ಸಂಶೋಧನೆಯ ಅರ್ಧ ಭಾಗ ಅದೇ. ಈ ಎರಡು ಗಳಿಗೆಗಳನ್ನು ನಮೂದಿಸದ ಪ್ರಬಂಧ ಎಷ್ಟು ದೊಡ್ಡ ಪತ್ರಿಕೆಯಲ್ಲಿ ಬಂದರೂ ನಾನು ಅನುಮಾನದಿಂದಲೇ ಓದುತ್ತೇನೆ.

ನಂಜನಗೂಡಿನ ಒಬ್ಬ ತಾಯಿ, ಗಂಡನ ತೋಳಿನಿಂದ ರಕ್ತ ತೆಗೆಯುವಾಗ, "ಇದ್ರಿಂದ ಇವ್ರಿಗೆ ವಾಸಿ ಆಯ್ತದಾ?" ಅಂತ ಕೇಳಿದರು. ಇಲ್ಲ ತಾಯಿ, ಇವರಿಗೆ ಇದರಿಂದ ಏನೂ ಆಗುವುದಿಲ್ಲ, ಮುಂದೆ ಬರುವವರಿಗೆ ಆಗಬಹುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಗಳಿ" ಅಂದರು. ಒಪ್ಪಿಗೆ ಪತ್ರದ ಹೆಬ್ಬೆಟ್ಟಿಗಿಂತ ಆ ಒಂದು ಮಾತನ್ನು ನಾನು ದೊಡ್ಡದೆಂದು ತಿಳಿದಿದ್ದೇನೆ. ಈ ಆರ್‌ಎನ್‌ಎ ನೋಡಿ ಬಾಯಿ ಕ್ಯಾನ್ಸರ್ ಹೇಳುವ ಪರೀಕ್ಷೆ ಯಾವ ಆಸ್ಪತ್ರೆಯ ಬಳಕೆಗೂ ಬಂದಿಲ್ಲ. ಈ ಕ್ಷೇತ್ರದ ಬಹುಪಾಲು ಕೆಲಸ ಇನ್ನೂ ಕೋಶಗಳ ತಟ್ಟೆಯಲ್ಲಿ, ಇಲಿಗಳಲ್ಲಿ, ಒಂದೊಂದೇ ಆಸ್ಪತ್ರೆಯ ಸಣ್ಣ ಗುಂಪುಗಳಲ್ಲಿ ನಡೆದಿದೆ. ಅದನ್ನು ರೋಗಿಯ ಮನೆಯವರಿಗೆ ಅವರ ಕನ್ನಡದಲ್ಲೇ ಹೇಳುವುದು ನಮ್ಮ ಹೊಣೆ.

ಆ ಪರೀಕ್ಷೆ ಬರಲಿ ಎಂದು ಕಾಯಬೇಡಿ. ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಬಿಡಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಾಯಿ ತೆರೆದು ತೋರಿಸಿ.